ನಲವತ್ತೇಳನೇ ನಂಬರಿನ ಸವಾರ

ಗಂಗೋತ್ರಿ ಮೊದಲ ಸಲ ಖುದ್ದೂಸ್ ಸಾಹೇಬರನ್ನು ಕಂಡಾಗ ಅವರು ಮಣ್ಣಿನ ದಿಬ್ಬದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು.

ದಾವಣಗೆರೆಯ ಹೊರಗೆ ಕೆಂಪು ಮಣ್ಣಿನ ಮೈದಾನ. ಭಾನುವಾರದ ಬೆಳಿಗ್ಗೆ. ಹತ್ತಾರು ಬೈಕುಗಳು ರೇಸಿನ ಅಭ್ಯಾಸ ನಡೆಸಿದ್ದವು. ದಿಬ್ಬ ಹತ್ತುತ್ತಿದ್ದವು, ಹಾರುತ್ತಿದ್ದವು, ತಿರುವಿನಲ್ಲಿ ಮಣ್ಣು ಚಿಮ್ಮಿಸಿ ಮರೆಯಾಗುತ್ತಿದ್ದವು.

ಸಾಹೇಬರು ಮೂವತ್ತು ವರ್ಷ ಇಂಥ ರೇಸುಗಳ ಫೋಟೋ ತೆಗೆದೇ ಸಂಸಾರ ನಡೆಸಿದವರು. ಗಂಗೋತ್ರಿಗೆ ಇಪ್ಪತ್ತಮೂರು. ಮದುವೆ ಫೋಟೋ ತೆಗೆಯುವ ಸ್ಟುಡಿಯೋದಲ್ಲಿ ಕೆಲಸ.

"ಸಾಹೇಬ್ರೆ, ನನಗೆ ರೇಸ್ ಫೋಟೋ ಕಲೀಬೇಕು," ಎಂದಳು. "ಅದರಿಂದಲೇ ಬದುಕಬೇಕು."

ಅವರು ಕಣ್ಣು ತೆರೆಯಲಿಲ್ಲ. "ಏನು ಕೇಳಿಸ್ತಿದೆ?"

"ಬೈಕಿನ ಸದ್ದು."

"ಎಷ್ಟು ಬೈಕು?"

ಅವಳಿಗೆ ಹೇಳಲಾಗಲಿಲ್ಲ.

"ಕ್ಯಾಮೆರಾ ಬ್ಯಾಗಿಗೆ ಹಾಕು. ಮಲಕ್ಕೋ."

ಹೊಸ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಒಂದು ಕ್ಷಣ ಅನುಮಾನಿಸಿ, ಕೆಂಪು ಮಣ್ಣಿನ ಮೇಲೆ ಮಲಗಿಯೇಬಿಟ್ಟಳು.

ಮೊದಲು ಬರೀ ಗದ್ದಲ. ಹತ್ತು ನಿಮಿಷ ಕಳೆದ ಮೇಲೆ ಗದ್ದಲ ಎಳೆ ಎಳೆಯಾಗಿ ಬಿಡಿಸಿಕೊಂಡಿತು. ಒಂದು ಬೈಕು ಕೆಮ್ಮುತ್ತಿತ್ತು. ಒಂದು ಎಲ್ಲಿಯೂ ಸದ್ದು ತಗ್ಗಿಸದೆ ಹೋಗುತ್ತಿತ್ತು. ಇನ್ನೊಂದು...

ಗಂಗೋತ್ರಿ ಥಟ್ಟನೆ ಎದ್ದು ಕೂತಳು. "ಸಾಹೇಬ್ರೆ, ಒಬ್ಬ ಹೆದರ್ತಾನೆ! ದೊಡ್ಡ ದಿಬ್ಬದ ಹತ್ತಿರ ಬಂದಾಗ ಪ್ರತಿ ಸಲ ಆಕ್ಸಿಲರೇಟರ್ ಬಿಡ್ತಾನೆ!"

ಸಾಹೇಬರು ಈಗ ಕಣ್ಣು ತೆರೆದರು.

"ಬಂದಾಗ ಬೈಕು ಕೇಳಿಸ್ತದೆ ಅಂದೆ. ಈಗ ಮನುಷ್ಯ ಕೇಳಿಸ್ದ. ಮುಂದಿನ ಭಾನುವಾರ ಬಾ."

ಮುಂದಿನ ಭಾನುವಾರ ಬೈಕುಗಳು ಬರುವ ಮೊದಲೇ ಇಬ್ಬರೂ ಟ್ರ್ಯಾಕ್ ನಡೆದರು. ಒಂದಲ್ಲ, ಮೂರು ಸುತ್ತು. ಎಲ್ಲಿ ಮಣ್ಣು ಹಸಿ, ಎಲ್ಲಿ ಪುಡಿ, ಎಲ್ಲಿ ಚಕ್ರ ಕೊರೆದ ಗಾಡಿ ಜಾಡು ಎಂದು ಸಾಹೇಬರು ಹೇಳಲಿಲ್ಲ. ಅವಳ ಚಪ್ಪಲಿಗೇ ಗೊತ್ತಾಯಿತು.

ಒಂದು ತಿರುವಿನಲ್ಲಿ ಗಂಗೋತ್ರಿ ಕುಣಿದಾಡಿದಳು. "ಇಲ್ಲಿ! ಇಲ್ಲಿ ನಿಂತರೆ ಬೈಕು ಸೀದಾ ಮುಖಕ್ಕೇ ಬರುತ್ತೆ!"

"ಬಂದರೆ?"

"ಬಂದರೆ ಎಂಥಾ ಫೋಟೋ ಸಿಗುತ್ತೆ!"

"ಯಾವ ಕಡೆ ಓಡ್ತೀಯ?"

ಅವಳು ಹಿಂದಿರುಗಿ ನೋಡಿದಳು. ಆಳದ ಗುಂಡಿ. ಗುಂಡಿಯ ತುಂಬ ಜಾಲಿ ಮುಳ್ಳು.

ಸಾಹೇಬರು ಕಲ್ಲಿನ ಮೇಲೆ ಕೂತು ಕಾದರು. ಅವಳು ಬೇರೆ ಜಾಗ ಹುಡುಕಿದಳು. ಅಂದಿನಿಂದ ಎಲ್ಲಿ ನಿಂತರೂ ಗಂಗೋತ್ರಿ ಮೊದಲು ಬೆನ್ನ ಹಿಂದೆ ನೋಡಿ, ಆಮೇಲೆ ಕ್ಯಾಮೆರಾ ಎತ್ತುತ್ತಿದ್ದಳು.

ಮೂರನೇ ಭಾನುವಾರ ಅವರು ಕ್ಯಾಮೆರಾ ಹೊರಗೆ ತೆಗೆಯಲು ಬಿಟ್ಟರು. ಅವಳು ಮಧ್ಯಾಹ್ನದವರೆಗೆ ಬಿಡದೆ ತೆಗೆದಳು. ಎಲ್ಲಕ್ಕಿಂತ ಚೆನ್ನಾಗಿದ್ದುದನ್ನು ಹೆಮ್ಮೆಯಿಂದ ತೋರಿಸಿದಳು. ಚಕ್ರದ ಒಂದೊಂದು ಕಡ್ಡಿಯೂ ಸ್ಪಷ್ಟ.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಈ ಬೈಕು ಮಾರಾಟಕ್ಕಿದೆಯಾ?"

"ಅಯ್ಯೋ, ಯಾಕೆ ಸಾಹೇಬ್ರೆ?"

"ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗಿದೆ."

ಅವಳ ಮುಖ ಸಪ್ಪಗಾಯಿತು. ನೋಡಿದಷ್ಟೂ ಬೈಕು ನಿಂತೇ ಇತ್ತು.

"ಶಟರ್ ನಿಧಾನ ಮಾಡು, ಕ್ಯಾಮೆರಾದ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ತೆರೆದಿರಲಿ," ಎಂದರು ಅವರು. "ಅವನು ಹೋದ ಕಡೆಗೆ ನೀನೂ ತಿರುಗು. ಅವನ ಜೊತೆಗೇ ಹೋಗು, ನಿಂತಲ್ಲೇ."

"ನಿಂತಲ್ಲೇ ಹೋಗೋದು ಹೇಗೆ?"

"ನಾಳೆ ಬೆಳಿಗ್ಗೆ ನಮ್ಮ ಮನೆ ಮುಂದಿನ ರಸ್ತೆಗೆ ಬಾ."

ಅವಳು ಸ್ಟುಡಿಯೋಕ್ಕೆ ಹೋಗುವ ಮೊದಲು ಆ ರಸ್ತೆಯಲ್ಲಿ ನಿಂತಳು. ಸೈಕಲ್ಲು ಬಂತು, ಮಸುಕು. ಆಟೋ ಬಂತು, ಮಸುಕು. ಸ್ಕೂಲ್ ವ್ಯಾನು, ತಳ್ಳುಗಾಡಿ, ಓಡುವ ನಾಯಿ, ಎಲ್ಲವೂ ಮಸುಕು. ಎಂಟು ದಿನ ಹೀಗೇ ಹೋಯಿತು. ಸಾಹೇಬರು ಒಂದು ದಿನವೂ ಹೊರಗೆ ಬಂದು ನೋಡಲಿಲ್ಲ.

ಒಂಬತ್ತನೇ ದಿನ ಹಾಲಿನವನು ಕ್ಯಾನು ತೂಗಿಸಿಕೊಂಡು ಮೊಪೆಡ್ಡಿನಲ್ಲಿ ಬಂದ. ಗಂಗೋತ್ರಿ ಅವನನ್ನು ದೂರದಿಂದಲೇ ಕಣ್ಣಲ್ಲಿ ಹಿಡಿದಳು. ಅವನು ಹೋದಂತೆ ಅವಳ ಸೊಂಟ ತಿರುಗಿತು. ಬೆರಳು ಒತ್ತಿದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ.

ಫೋಟೋ ನೋಡಿದಳು. ಹಾಲಿನವನ ಮುಖ ಸ್ಪಷ್ಟ. ಅಂಗಿಯ ಗುಂಡಿಯೂ ಸ್ಪಷ್ಟ. ಹಿಂದಿನ ಗೋಡೆ, ಗೇಟು, ಮರ ಎಲ್ಲ ನೀರಿನಂತೆ ಹರಿದು ಹೋಗುತ್ತಿದ್ದವು.

ನಡುರಸ್ತೆಯಲ್ಲೇ ಅವಳು ಕಿರುಚಿಬಿಟ್ಟಳು.

ಹಾಲಿನವನು ಗಾಬರಿಯಿಂದ ಬ್ರೇಕ್ ಹಾಕಿದ. "ಏನಾಯ್ತವ್ವ?"

"ಅಣ್ಣ, ನೀವು ಓಡ್ತಾ ಇದ್ದೀರಿ!"

"ಇಷ್ಟು ದಿನ ನಾನೇನು ಮಾಡ್ತಿದ್ದೆ?" ಎಂದು ಅವನು ಗೊಣಗುತ್ತ ಹೋದ.

ಗಂಗೋತ್ರಿ ಮನೆಯೊಳಗೆ ನುಗ್ಗಿದಳು. ಸಾಹೇಬರು ಮಂಡಕ್ಕಿ ತಿನ್ನುತ್ತ ಕೂತಿದ್ದರು. ಫೋಟೋ ನೋಡಿ, ತಟ್ಟೆಯನ್ನು ಅವಳ ಕಡೆ ಸರಿಸಿದರು.

"ಹೇಗೆ ಬಂತು?"

"ಗೊತ್ತಿಲ್ಲ ಸಾಹೇಬ್ರೆ. ಸೊಂಟ ತಾನಾಗಿ ತಿರುಗ್ತು."

"ಇನ್ನು ಗೊತ್ತು ಮಾಡ್ಕೊಳ್ಳೋಕೆ ಹೋಗಬೇಡ."

ಎರಡು ತಿಂಗಳಲ್ಲಿ ಅವಳ ಕೈ ಕುದುರಿತು. ಊರಿನಲ್ಲೊಂದು ಸಣ್ಣ ರೇಸು ನಡೆದಾಗ ಬೇಲಿಯ ಹೊರಗೆ ಜನರ ನಡುವೆ ನಿಂತೇ ಫೋಟೋ ತೆಗೆದಳು. ಗೆದ್ದವನ ಫೋಟೋ ಸೊಗಸಾಗಿ ಬಂದಿತ್ತು. ಅದನ್ನು ಅವನಿಗೆ ತೋರಿಸಲು ಹೋದಳು. "ಸೂಪರ್ ಕಣಮ್ಮ, ಕಳಿಸು," ಎಂದು ಅವನು ಮುಂದಕ್ಕೆ ಹೋದ. ಅವನಿಗೆ ಫೋಟೋ ಕಳಿಸುವವರ ಸಾಲೇ ಇತ್ತು.

ಅವಳು ಸಾಹೇಬರ ಬಳಿ ಬಂದು ಕೂತಳು. "ದುಡ್ಡು ಯಾರು ಕೊಡ್ತಾರೆ ಸಾಹೇಬ್ರೆ?"

"ಅವನ ಮುಂದೆ ಎಷ್ಟು ಕ್ಯಾಮೆರಾ ಇದ್ದವು?"

"ಇಪ್ಪತ್ತಾದರೂ ಇದ್ದವು."

"ಕೊನೆಯವನ ಮುಂದೆ?"

ಗಂಗೋತ್ರಿ ಬೈಕುಗಳ ಸಾಲಿನ ತುದಿಗೆ ಕಣ್ಣು ಹಾಯಿಸಿದಳು.

"ಅವನ ಹೆಸರೇನು?"

"ಗೊತ್ತಿಲ್ಲ."

"ಕೇಳ್ಕೊಂಡು ಬಾ."

ಬೈಕುಗಳನ್ನು ನಿಲ್ಲಿಸಿದ್ದ ಶಾಮಿಯಾನದ ತುದಿಯಲ್ಲಿ ಒಬ್ಬ ಒಂಟಿಯಾಗಿ ಕೂತು ಚೈನು ಬಿಗಿಯುತ್ತಿದ್ದ. ವಯಸ್ಸು ಮೂವತ್ತಾರರ ಸುಮಾರು. ಬೈಕಿನ ಮೇಲೆ ನಲವತ್ತೇಳು ಎಂಬ ನಂಬರು.

"ಅಣ್ಣ, ನಿಮ್ಮ ಹೆಸರೇನು?"

ಅವನು ಬೆಚ್ಚಿದ. "ಯಾಕವ್ವ, ಏನಾದ್ರೂ ದೂರು ಬಂದೈತಾ?"

"ಇಲ್ಲ ಅಣ್ಣ, ಸುಮ್ಮನೆ ಕೇಳಿದೆ."

ಅವನು ಸ್ಪ್ಯಾನರ್ ಕೆಳಗಿಟ್ಟ. "ನಿಜಗುಣ. ಇಲ್ಲೇ ಬೈಕ್ ರಿಪೇರಿ ಅಂಗಡಿ ಐತೆ. ಆರು ವರ್ಷದಿಂದ ಓಡಿಸ್ತಿದೀನಿ. ಇಲ್ಲಿ ನನ್ನ ಹೆಸರು ಕೇಳಿದ್ದು ನೀನೇ ಮೊದಲು."

ಅವನ ಬಳಿ ಒಂದೇ ಒಂದು ರೇಸಿನ ಫೋಟೋ ಇತ್ತು. ಹೆಂಡತಿ ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ಧೂಳು ಮಾತ್ರ ಕಾಣುತ್ತಿತ್ತು. "ಧೂಳಿನ ಒಳಗೆ ನಾನಿದೀನಿ," ಎಂದು ನಿಜಗುಣ ನಕ್ಕ.

ಆಮೇಲೆ ನಗು ನಿಲ್ಲಿಸಿ ಹೇಳಿದ. ಪಂಪ್‌ಸೆಟ್ ಅಂಗಡಿಯ ಶಿವಯೋಗಪ್ಪನವರು ವರ್ಷಾವರ್ಷ ಅವನಿಗೆ ಟೈರು ಕೊಡಿಸುತ್ತಿದ್ದರು. ಬದಲಿಗೆ ಬೈಕಿನ ಎಡಮಗ್ಗುಲಿಗೆ ಅಂಗಡಿಯ ಹೆಸರು ಅಂಟಿಸಿಕೊಂಡಿದ್ದ. ಆ ಹೆಸರು ಇದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮುಂದಿನ ತಿಂಗಳ ರಾಜ್ಯಮಟ್ಟದ ರೇಸಿನಲ್ಲಿ ಒಂದಾದರೂ ಒಳ್ಳೆಯ ಫೋಟೋ ಬರದಿದ್ದರೆ ಟೈರು ಕೊಡಿಸುವುದಿಲ್ಲ ಎಂದು ಅವರು ಹೇಳಿಬಿಟ್ಟಿದ್ದರು.

"ಟೈರು ಇಲ್ಲ ಅಂದ್ರೆ ಬೈಕು ಮೂಲೆಗೆ," ಎಂದ ನಿಜಗುಣ. "ನೀನು ತೆಗೀತೀಯಾ? ಒಳಗೆ ಬರೋಕೆ ನಮ್ಮ ಟೀಮಿನ ಪಾಸ್ ಕೊಡ್ತೀನಿ. ಟೀಮ್ ಅಂದ್ರೆ ನಾನೊಬ್ಬನೇ."

ಅವನು ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿ, ಜೇಬಿನಿಂದ ಮುಂಗಡ ತೆಗೆದು ಕೊಟ್ಟ. ಗಂಗೋತ್ರಿ ಅದನ್ನು ಎರಡು ಸಲ ಎಣಿಸಿದಳು. ರೇಸಿನ ಫೋಟೋಗೆ ಸಿಕ್ಕ ಮೊದಲ ದುಡ್ಡು.

ಓಡೋಡುತ್ತ ಸಾಹೇಬರ ಬಳಿ ಬಂದಳು. "ಸಿಕ್ತು ಸಾಹೇಬ್ರೆ, ಕೆಲಸ ಸಿಕ್ತು!" ಎಂದವಳು ದನಿ ತಗ್ಗಿಸಿದಳು. "ಪಾಪ, ಬಡವ. ಬಿಟ್ಟಿ ತೆಗೆದುಕೊಡ್ತೀನಿ ಅನ್ನಬೇಕಿತ್ತಾ?"

"ಬಿಟ್ಟಿ ಆಗಿದ್ರೆ ನಡುವೆ ಎದ್ದು ಹೋಗಬಹುದಿತ್ತು."

"ಈಗ?"

ಸಾಹೇಬರು ಚಹಾ ಮುಗಿಸಿ ಲೋಟ ಕೆಳಗಿಟ್ಟರು.

ರಾಜ್ಯಮಟ್ಟದ ರೇಸಿನ ದಿನ ಅದೇ ಮೈದಾನ ಜಾತ್ರೆಯಂತೆ ತುಂಬಿತ್ತು. ಧ್ವನಿವರ್ಧಕ ಅರಚುತ್ತಿತ್ತು. ಬೆಳಿಗ್ಗೆ ಒಂದು ಓಟ, ಮಧ್ಯಾಹ್ನ ಒಂದು ಓಟ.

ಗಂಗೋತ್ರಿ ಮುಂಜಾನೆಯೇ ಬಂದು ಟ್ರ್ಯಾಕ್ ನಡೆದಿದ್ದಳು. ದೂರದ ಮೂಲೆಯಲ್ಲೊಂದು ತಿರುವು ಆರಿಸಿಕೊಂಡಳು. ಅಲ್ಲಿ ಬೇಲಿಯ ಒಳಗೆ, ಟ್ರ್ಯಾಕಿನ ಪಕ್ಕದಲ್ಲೇ ಎತ್ತರದ ಜಾಗವಿತ್ತು. ತಿರುವು ದಾಟುವ ಬೈಕು ಎಡಮಗ್ಗುಲು ತೋರಿಸಿಯೇ ಹೋಗಬೇಕು. ಹಿಂದೆ ಓಡಲೂ ಜಾಗವಿತ್ತು. ಬೇರೆ ಯಾವ ಫೋಟೋಗ್ರಾಫರನೂ ಅಲ್ಲಿಗೆ ಬರಲಿಲ್ಲ.

ಬೆಳಗಿನ ಓಟ ಶುರುವಾಯಿತು. ನೆಲ ನಡುಗಿತು, ಅವಳ ಎದೆಯೂ.

ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಮುಂದಿನ ಇಬ್ಬರು ಸವಾರರು ಮೈಗೆ ಮೈ ತಾಗಿಸಿಕೊಂಡು ಓಡುತ್ತಿದ್ದರು. ಜನ ಎದ್ದು ನಿಂತರು. ಫೋಟೋಗ್ರಾಫರುಗಳೆಲ್ಲ ಕೊನೆಯ ದಿಬ್ಬದ ಕಡೆ ಓಡಿದರು.

ಗಂಗೋತ್ರಿಯ ಕಾಲುಗಳೂ ಓಡಿದವು.

ಅವಳು ದಿಬ್ಬ ಮುಟ್ಟುವುದಕ್ಕೂ ಎರಡು ಬೈಕುಗಳು ಗಾಳಿಗೆ ಏಳುವುದಕ್ಕೂ ಸರಿಹೋಯಿತು. ಹ್ಯಾಂಡಲಿಗೆ ಹ್ಯಾಂಡಲು ತಾಗಿತ್ತು. ಕೆಳಗೆ ಜನ, ಮೇಲೆ ಬಿಸಿಲು. ಅವಳು ಒತ್ತಿದಳು.

ಸಿಕ್ಕಿತು. ಎಂಥಾ ಫೋಟೋ!

ಪಕ್ಕದಲ್ಲಿದ್ದ ಪತ್ರಿಕೆಯವನೊಬ್ಬ ಇಣುಕಿ ನೋಡಿ ಹುಬ್ಬೇರಿಸಿದ. "ಯಾರಮ್ಮ ನೀನು? ಎಲ್ಲಿದ್ದೆ ಇಷ್ಟು ದಿನ?"

ಅವಳು ಹಾರುತ್ತ ಸಾಹೇಬರ ಬಳಿ ಹೋದಳು. ಅವರು ಬಹಳ ಹೊತ್ತು ನೋಡಿದರು.

"ತುಂಬಾ ಚೆನ್ನಾಗಿದೆ," ಎಂದರು. ಅವರ ಬಾಯಲ್ಲಿ ಆ ಮಾತನ್ನು ಅವಳು ಕೇಳಿರಲಿಲ್ಲ. ಆಮೇಲೆ ಕೇಳಿದರು, "ನಲವತ್ತೇಳು ಎಲ್ಲಿ?"

ಅವಳು ತಾನು ಬಿಟ್ಟು ಬಂದ ದೂರದ ಮೂಲೆಯ ಕಡೆ ತಿರುಗಿ ನೋಡಿದಳು.

ಅಷ್ಟರಲ್ಲಿ ನಿಜಗುಣ ಬಂದ. ಹೆಲ್ಮೆಟ್ಟು ಕೈಯಲ್ಲಿ. ಮುಖವೆಲ್ಲ ಮಣ್ಣು, ಮಣ್ಣಿನ ನಡುವೆ ಹಲ್ಲು.

"ನೋಡಿದ್ಯಾ? ನೋಡಿದ್ಯಾ? ಕೊನೇ ಸುತ್ತಲ್ಲಿ, ನಿನ್ನ ಮುಂದೇನೇ, ಇಬ್ಬರನ್ನ ಹಿಂದೆ ಹಾಕ್ದೆ! ಆರು ವರ್ಷದಲ್ಲಿ ಮೊದಲ ಸಲ! ಸಿಕ್ತಾ?"

ಗಂಗೋತ್ರಿ ಸಾಹೇಬರ ಕಡೆ ನೋಡಿದಳು. ಅವರು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು.

"ಇಲ್ಲ ಅಣ್ಣ," ಎಂದಳು. "ನಾನು ಅಲ್ಲಿರಲಿಲ್ಲ. ಮುಂದಿದ್ದವರ ಫೋಟೋ ತೆಗೆಯೋಕೆ ಓಡಿದೆ."

ನಿಜಗುಣನ ನಗು ಒಮ್ಮೆಲೇ ಹೋಗಲಿಲ್ಲ. ನಿಧಾನವಾಗಿ ಹೋಯಿತು. ಅದನ್ನು ನೋಡುತ್ತ ನಿಲ್ಲುವುದು ಅವಳಿಗೆ ಕಷ್ಟವಾಯಿತು.

ಅವಳು ಮುಂಗಡವನ್ನು ತೆಗೆದು ಚಾಚಿದಳು. "ತಗೊಳ್ಳಿ ಅಣ್ಣ."

ಅವನು ಮುಟ್ಟಲಿಲ್ಲ. "ಇದನ್ನ ತಗೊಂಡು ಏನು ಮಾಡ್ಲಿ? ಮಧ್ಯಾಹ್ನ ಇನ್ನೊಂದು ಓಟ ಐತೆ." ಹೆಲ್ಮೆಟ್ಟಿನ ಮಣ್ಣು ಒರೆಸುತ್ತ ಹೇಳಿದ, "ಮತ್ತೆ ಹಂಗೆ ಹಿಂದೆ ಹಾಕೋಕೆ ಆಗ್ತದೋ ಇಲ್ವೋ, ನನಗೇ ಗೊತ್ತಿಲ್ಲ."

"ನೀವು ಹಾಕಿದರೂ ಸರಿ, ಹಾಕದಿದ್ದರೂ ಸರಿ. ನಾನು ಅಲ್ಲೇ ಇರ್ತೀನಿ."

ನಿಜಗುಣ ತಲೆಯಾಡಿಸಿ ಬೈಕಿನ ಕಡೆ ಹೋದ.

ಮಧ್ಯಾಹ್ನ ಸಾಹೇಬರೂ ಅವಳ ಜೊತೆ ಆ ದೂರದ ಮೂಲೆಗೆ ನಡೆದು ಬಂದರು. ಸವಾರರಿಗೆ ಸೂಚನೆ ಕೊಡಲು ಅಲ್ಲಿ ಬಾವುಟ ಹಿಡಿದು ನಿಂತಿದ್ದವನ ಕೊಡೆಯ ನೆರಳಿನಲ್ಲಿ ಕೂತರು.

ಗಂಗೋತ್ರಿಗೆ ಬಾಯಿ ಒಣಗಿತ್ತು. "ಏನಾದರೂ ಹೇಳಿ ಸಾಹೇಬ್ರೆ."

"ಬಿಸಿಲು ಜಾಸ್ತಿ ಇದೆ. ನೀರು ಕುಡಿ."

ಓಟ ಶುರುವಾಯಿತು. ಮೂವತ್ತು ಬೈಕುಗಳು ಒಟ್ಟಿಗೆ ಗುಡುಗಿದವು. ಆ ಗುಡುಗಿನಲ್ಲಿ ಅವಳು ಒಂದೇ ಸದ್ದನ್ನು ಹುಡುಕಿದಳು. ಸ್ವಲ್ಪ ಒಡಕು, ಸ್ವಲ್ಪ ಗೊಗ್ಗರು. ಸಿಕ್ಕಿತು.

ನಿಜಗುಣನಿಗೆ ಈ ಸಲ ಶುರುವೇ ಸರಿಹೋಗಲಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ ಬಂದ. ಅವಳು ತೆಗೆದಳು. ಎರಡನೇ ಸುತ್ತಿನಲ್ಲೂ ಹಿಂದೆ. ತೆಗೆದಳು. ತಿರುವಿಗೆ ಬಂದಾಗ ಅವನು ಪ್ರತಿ ಸಲ ಆಕ್ಸಿಲರೇಟರ್ ಬಿಡುತ್ತಿದ್ದ. ಬಿಟ್ಟಾಗೆಲ್ಲ ಮುಂದಿನ ಹದಿನೆಂಟನೇ ನಂಬರಿನವನು ತಪ್ಪಿಸಿಕೊಳ್ಳುತ್ತಿದ್ದ.

ಐದನೇ ಸುತ್ತಿನಲ್ಲಿ ಅವರಿಬ್ಬರ ನಡುವೆ ಹತ್ತು ಮಾರು ಉಳಿದಿತ್ತು. ಆರನೆಯದರಲ್ಲಿ ಐದು.

ಏಳನೇ ಸುತ್ತು. ನಿಜಗುಣ ತಿರುವಿಗೆ ಇನ್ನೇನು ಬರಬೇಕು, ಗಂಗೋತ್ರಿಯ ಬೆನ್ನ ಹಿಂದೆ ಇಡೀ ಮೈದಾನ ಹೋ ಎಂದು ಕೂಗಿತು.

ಮುಂದೆ ಓಡುತ್ತಿದ್ದವರಲ್ಲಿ ಏನೋ ಆಗಿತ್ತು. ಧ್ವನಿವರ್ಧಕದವನು ಕಿರುಚುತ್ತಿದ್ದ. ಫೋಟೋಗ್ರಾಫರುಗಳು ಓಡುವ ಸದ್ದು. ಬಾವುಟ ಹಿಡಿದವನೂ ಕತ್ತು ಹೊರಳಿಸಿದ. ಅವಳ ಕತ್ತನ್ನು ಯಾರೋ ಹಿಡಿದು ಎಳೆದಂತಾಯಿತು.

ಅವಳು ಕಣ್ಣನ್ನು ಕ್ಯಾಮೆರಾಕ್ಕೆ ಇನ್ನಷ್ಟು ಒತ್ತಿದಳು.

ಒಡಕು ಸದ್ದು ಹತ್ತಿರ ಬಂತು. ಈಗ ಬಿಡ್ತಾನೆ, ಎಂದುಕೊಂಡಳು. ಈಗ.

ಬಿಡಲಿಲ್ಲ!

ಸದ್ದು ಏರುತ್ತಲೇ ಹೋಯಿತು. ನಲವತ್ತೇಳು ತಿರುವಿನ ಹೊರಗಿನ ಅಂಚಿಗೆ ಹೋಯಿತು. ಅಲ್ಲಿ ಮಣ್ಣು ಹಸಿಯಾಗಿತ್ತು, ಚಕ್ರ ಕಚ್ಚಿ ಹಿಡಿಯಿತು. ಬೈಕು ಮಲಗಿದಷ್ಟು ವಾಲಿ, ಹದಿನೆಂಟರ ಪಕ್ಕಕ್ಕೆ ಬಂದು, ಅದನ್ನು ದಾಟಿತು. ಗಂಗೋತ್ರಿ ಬೈಕಿನ ಜೊತೆಗೇ ತಿರುಗಿದಳು. ಮೈದಾನವಿರಲಿಲ್ಲ. ಜನರಿರಲಿಲ್ಲ. ಅವನೊಬ್ಬನಿದ್ದ, ಅವಳೊಬ್ಬಳಿದ್ದಳು.

ಚಿಮ್ಮಿದ ಮಣ್ಣು ಅವಳ ಮುಖಕ್ಕೆ ರಾಚಿತು.

ಓಟ ಮುಗಿದ ಮೇಲೆ ನಿಜಗುಣ ಬೈಕನ್ನು ತಳ್ಳಿಕೊಂಡು ಬಂದ. ಬಾಯಿ ಬಿಟ್ಟು ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ.

ಗಂಗೋತ್ರಿ ಕ್ಯಾಮೆರಾ ಅವನ ಮುಂದೆ ಹಿಡಿದಳು.

ಕೆಂಪು ಮಣ್ಣು ಬೀಸಣಿಗೆಯಂತೆ ಬಿಚ್ಚಿಕೊಂಡಿತ್ತು. ಫೋಟೋದ ಅಂಚಿನಲ್ಲಿ ಹಿಂದೆ ಬಿದ್ದವನ ಮುಂಚಕ್ರ. ಹೆಲ್ಮೆಟ್ಟಿನ ಒಳಗೆ ನಿಜಗುಣನ ಬಾಯಿ ದೊಡ್ಡದಾಗಿ ತೆರೆದಿತ್ತು, ಕೂಗುತ್ತಿದ್ದ. ಬೈಕಿನ ಎಡಮಗ್ಗುಲಲ್ಲಿ ಪಂಪ್‌ಸೆಟ್ ಅಂಗಡಿಯ ಹೆಸರು, ಅಕ್ಷರ ಅಕ್ಷರವೂ ಓದುವಂತಿತ್ತು.

ಅವನು ಹಾಗೇ ನೆಲಕ್ಕೆ ಕೂತ.

"ಇದು ನಾನಾ?"

"ನೀವೇ ಅಣ್ಣ."

"ನಾನು ಇಷ್ಟು ಜೋರಾಗಿ ಹೋಗ್ತೀನಾ?"

ಗಂಗೋತ್ರಿ ಹೌದೆಂದು ತಲೆಯಾಡಿಸಿದಳು.

ಫೋಟೋ ಮೊಬೈಲಿಗೆ ಹೋಯಿತು, ಮೊಬೈಲಿನಿಂದ ಶಿವಯೋಗಪ್ಪನವರಿಗೆ ಹೋಯಿತು. ಐದು ನಿಮಿಷದಲ್ಲಿ ಫೋನು ಬಂತು. ಶಿವಯೋಗಪ್ಪನವರ ಗಂಟಲು ಎಷ್ಟು ದೊಡ್ಡದೆಂದರೆ ಸುತ್ತ ನಿಂತವರಿಗೆಲ್ಲ ಕೇಳಿಸಿತು.

"ಲೋ ನಿಜಗುಣ, ಇದನ್ನ ಗೋಡೆಯಷ್ಟು ದೊಡ್ಡದು ಮಾಡಿಸಿ ಅಂಗಡಿ ಮುಂದೆ ಹಾಕಿಸ್ತೀನಿ! ಟೈರು ಯಾವ ಸೈಜು, ಅದನ್ನ ಹೇಳು ಮೊದಲು!"

ನಿಜಗುಣ ನಗುತ್ತಿದ್ದನೋ ಅಳುತ್ತಿದ್ದನೋ, ಮಣ್ಣು ಮೆತ್ತಿದ ಮುಖದಲ್ಲಿ ಯಾರಿಗೂ ತಿಳಿಯಲಿಲ್ಲ. ಉಳಿದ ಹಣವನ್ನು ಗಂಗೋತ್ರಿಯ ಕೈಯಲ್ಲಿಟ್ಟು, ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅವಳ ಅಂಗೈಗೆ ಗ್ರೀಸ್ ಅಂಟಿತು.

ಹದಿನೆಂಟನೇ ನಂಬರಿನವನು ಹುಡುಕಿಕೊಂಡು ಬಂದ. "ಅದರಲ್ಲಿ ನನ್ನ ಚಕ್ರ ಬಂದಿದೆಯಂತೆ?" ಎಂದು ಮುಖ ಗಂಟಿಕ್ಕಿದ. ನೋಡಿದ ಮೇಲೆ ಗಂಟು ಸಡಿಲಿತು. "ಮುಂದಿನ ರೇಸಿಗೆ ನನ್ನದು ತೆಗಿಯವ್ವ. ದುಡ್ಡು ಕೊಡ್ತೀನಿ. ನಾನು ಇವನನ್ನ ಹಿಂದೆ ಹಾಕೋದೇ ಬರಬೇಕು."

"ಹಾಕು ನೋಡೋಣ!" ಎಂದ ನಿಜಗುಣ.

ಅವನ ಹಿಂದೆ ಇನ್ನಿಬ್ಬರು ಬಂದರು. ಒಬ್ಬನ ತಮ್ಮ ಮೊದಲ ಸಲ ಓಡಿಸಲಿದ್ದ. ಇನ್ನೊಬ್ಬನಿಗೆ ಮಗಳಿಗೆ ತೋರಿಸಲು ಒಂದು ಫೋಟೋ ಬೇಕಿತ್ತು. ಗಂಗೋತ್ರಿ ಎಲ್ಲರ ಹೆಸರು ಕೇಳಿದಳು. ಬರೆದುಕೊಳ್ಳಲು ಕಾಗದ ಸಿಗದೆ ಅಂಗೈ ಮೇಲೆ, ಗ್ರೀಸಿನ ಪಕ್ಕದಲ್ಲೇ, ಬರೆದುಕೊಂಡಳು. ಮೂರು ಹೆಸರು ಬರೆಯುವುದರಲ್ಲಿ ಅಂಗೈ ತುಂಬಿತು.

ಆಗ ಬೆಳಿಗ್ಗೆ ಸಿಕ್ಕಿದ್ದ ಪತ್ರಿಕೆಯವನು ಏದುಸಿರು ಬಿಡುತ್ತ ಬಂದ.

"ಒಳ್ಳೇದಾಯ್ತು, ಸಿಕ್ಕಿದೆ. ಆ ಗದ್ದಲದಲ್ಲಿ ನನಗೇನೂ ಕಾಣಿಸಲಿಲ್ಲ, ಬಸ್ಸಿಗೆ ಬೇರೆ ತಡವಾಗ್ತಿದೆ. ಬೇಗ ಹೇಳಮ್ಮ, ಎರಡನೇ ಓಟ ಗೆದ್ದದ್ದು ಯಾರು?"

ಗಂಗೋತ್ರಿ ಬಾಯಿ ತೆರೆದಳು. ಗೊತ್ತೇ ಇರಲಿಲ್ಲ.

"ಏಳನೇ ಸುತ್ತಲ್ಲಿ ಬಿದ್ದದ್ದು ಯಾರು, ಅದಾದರೂ?"

ಅದೂ ಗೊತ್ತಿರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕೊಡೆಯ ನೆರಳಿನ ಕಡೆ ತಿರುಗಿದಳು.

"ಸಾಹೇಬ್ರೆ, ಗೆದ್ದದ್ದು ಯಾರು?"

ಖುದ್ದೂಸ್ ಸಾಹೇಬರು ಎದ್ದು ನಿಂತು ಪ್ಯಾಂಟಿನ ಕೆಂಪು ಧೂಳು ಕೊಡವಿದರು.

"ನನಗೂ ಗೊತ್ತಿಲ್ಲವ್ವ. ನಾನು ನಿನ್ನನ್ನ ನೋಡ್ತಿದ್ದೆ."